ಕಿರುಚಿತ್ರದಲ್ಲಿ ಹೆದರಬೇಕಾದ ಕಡೆ ಜನ ನಗುತ್ತಾರೆ, ಎಂತ ಮಾಡುವುದು?

ಪೆರ್ಲದವಳು
ನಾವು ಕಾಲೇಜಿನ ಕೆಲವರು ಸೇರಿ ಸ್ಪರ್ಧೆಗೊಂದು ಕಿರುಚಿತ್ರ ಮಾಡುತ್ತಿದ್ದೇವೆ. 12 ನಿಮಿಷ ದಾಟಬಾರದು, ಕಥೆ ಸಾಹಿತ್ಯದಿಂದ ಬಂದಿರಬೇಕು. ಅಷ್ಟೇ ನಿಯಮ. ನಾವು ತೆಗೆದುಕೊಂಡದ್ದು ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’. ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೂರು ವರ ಕೊಡುವ ಒಂದು ಒಣಗಿದ ಮಂಗನ ಕೈ. ಮನೆಯ ಸಾಲ ತೀರಿಸಲು ಅಪ್ಪ 200 ಪೌಂಡ್ ಕೇಳುತ್ತಾನೆ. ಮರುದಿನ ಮಗ ಫ್ಯಾಕ್ಟರಿಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರವಾಗಿ ಬರುವುದು ಸರಿಯಾಗಿ 200 ಪೌಂಡ್. ಮಗ ವಾಪಸ್ ಬರಲಿ ಎಂದು ಕೇಳಿ ಅಂತ ಅಮ್ಮ ಹಟ ಹಿಡಿಯುತ್ತಾಳೆ. ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ.

ಇದನ್ನು ಕೇರಳದ ಕಾಸರಗೋಡಿನಲ್ಲಿ, ನಮ್ಮ ಬದಿಯಡ್ಕದ ಕಡೆಯ ಒಂದು ತೋಟದ ಮನೆಗೆ ತಂದಿದ್ದೇವೆ. ಮಗ ಗಲ್ಫಿನಲ್ಲಿ. ಸಾಲ 8 ಲಕ್ಷ. ಮಂಗನ ಕೈ ವರ ಕೊಡುತ್ತದೆ ಎಂಬುದನ್ನು ಕೊನೆವರೆಗೆ ಗುಟ್ಟಾಗಿ ಇಟ್ಟಿದ್ದೇವೆ, ಸಸ್ಪೆನ್ಸ್ ಬೇಕಲ್ಲ. ಮೊದಲ ಎಡಿಟ್ ಕ್ಲಾಸಿನಲ್ಲಿ ಹಾಕಿದೆವು. ಅರ್ಧ ಪಿಕ್ಚರ್ ಎಲ್ಲರೂ ಮೊಬೈಲ್ ನೋಡಿದರು. ಬಾಗಿಲು ಬಡಿಯುವಾಗ ನಕ್ಕರು. ಸಂಗೀತ ಜಾಸ್ತಿ ಮಾಡಬೇಕಾ?

ಕುಂಬಳೆ ಪ್ಯಾಸೆಂಜರ್
ಮೊದಲು ಇರುವ ಸಂಗೀತ ತೆಗಿ. ಆಮೇಲೆ ಮಾತಾಡುವ.

ಮುರಕಲ್ಲು
ಗುಟ್ಟಾಗಿ ಇಟ್ಟದ್ದೇ ತೊಂದರೆ. ಪ್ರೇಕ್ಷಕನಿಗೆ ಏನೂ ಗೊತ್ತಿಲ್ಲದಿದ್ದರೆ ಅವನು ಯಾವುದಕ್ಕೆ ಕಾಯಬೇಕು? ಮೊಬೈಲ್ ನೋಡದೆ ಮತ್ತೇನು ಮಾಡುತ್ತಾನೆ?

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಕೊಟ್ಟ ಬಾಂಬಿನ ಉದಾಹರಣೆ ನೀವು ಕೇಳಿಯೇ ಇರುತ್ತೀರಿ. ಮೇಜಿನ ಸುತ್ತ ಕೂತು ಜನ ಸುಮ್ನೆ ಹರಟೆ ಹೊಡೆಯುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ಪ್ರೇಕ್ಷಕ 15 ಸೆಕೆಂಡ್ ಬೆಚ್ಚುತ್ತಾನೆ, ಮುಗಿಯಿತು. ಈಗ ಬಾಂಬ್ ಇಡುವುದನ್ನು ಮೊದಲೇ ತೋರಿಸಿ. ಒಂದು ಗಂಟೆಗೆ ಸಿಡಿಯುತ್ತದೆ ಎಂದೂ ಹೇಳಿ, ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು ಆಗಿದೆ ಅಂತ ತೋರಿಸಿ. ಅದೇ ಹರಟೆಯನ್ನು ಅವನು 15 ನಿಮಿಷ ಉಸಿರು ಹಿಡಿದು ಕೇಳುತ್ತಾನೆ.

ನಿಮ್ಮ ಕಥೆಯ ಬಾಂಬ್ ಯಾವುದು? ಮೂರು ವರ, ಅದರಲ್ಲಿ ಒಂದು ಮುಗಿದಿದೆ, ಅದು ಕೊಟ್ಟದ್ದಕ್ಕೆ ಬೆಲೆ ಕೇಳುತ್ತದೆ. ಇದು ಮೊದಲ ಎರಡು ನಿಮಿಷದಲ್ಲೇ ಬಂದುಬಿಡಬೇಕು. ಮೂಲ ಕಥೆಯಲ್ಲೂ ಅದನ್ನು ತಂದ ಸೈನಿಕ ಶುರುವಿನಲ್ಲೇ ಎಲ್ಲ ಹೇಳುತ್ತಾನೆ, ಅಲ್ವಾ? ಅದನ್ನು ಬೆಂಕಿಗೇ ಎಸೆಯುತ್ತಾನೆ. ಇವರು ಎತ್ತಿಕೊಳ್ಳುತ್ತಾರೆ.

ರೀಲ್ ರಾಯ
ಮತ್ತೆ ಬಂತು ಬಾಂಬಿನ ಪುರಾಣ. ಕಿರುಚಿತ್ರದ ಬಗ್ಗೆ ಯಾರು ಕೇಳಿದರೂ ಇದೊಂದು ಉತ್ತರ ರೆಡಿ. ಈಗಿನ ಹುಡುಗರಿಗೆ ಮೊದಲ ಮೂರು ಸೆಕೆಂಡಿನಲ್ಲಿ ಏನಾದರೂ ಆಗಬೇಕು. ಬಾಗಿಲು ತೆರೆಯಿರಿ, ಮಗನ ಮುಖ ತೋರಿಸಿ, ಒಂದು ಕಿರುಚಾಟ ಹಾಕಿ. ಹಾಲ್ ಹಾರುತ್ತದೆ.

ಮುರಕಲ್ಲು
@ರೀಲ್ ರಾಯ ಹಾಲ್ ಹಾರುತ್ತದೆ, ಆಮೇಲೆ ನಗುತ್ತದೆ. ಅವರಿಗೆ ಈಗ ಆಗಿರುವುದೇ ಅದು.

ಪೆರ್ಲದವಳು
ಬಾಗಿಲು ತೆರೆದಾಗ ಮಗನ ಮುಖ ತೋರಿಸಿದ್ದೇವೆ 🙈 ಕ್ಲಾಸ್‌ಮೇಟ್‌ಗೆ ಟೂತ್‌ಪೇಸ್ಟ್, ಕುಂಕುಮ ಎಲ್ಲ ಹಚ್ಚಿ. ಮಂಗನ ಕೈಯನ್ನು ಅಡಿಕೆ ಹಾಳೆಯಲ್ಲಿ ಮಾಡಿದೆವು, ದೋಸೆ ಮಗಚುವ ಸಟ್ಟುಗದ ಹಾಗೆ ಆಯಿತು.

ಕುಂಬಳೆ ಪ್ಯಾಸೆಂಜರ್
ಕ್ಲಾಸ್‌ಮೇಟ್‌ಗಳ ಎದುರು ಕ್ಲಾಸ್‌ಮೇಟನ್ನೇ ದೆವ್ವ ಮಾಡಿದರೆ ಯಾರಾದರೂ ನಗುತ್ತಾರೆ ಮಾರಾಯ್ತಿ.

ಚೆಂಡೆಪೆಟ್ಟು
ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಇಂಗ್ಲೆಂಡಿಗೆ ಯಾಕೆ ಓಡುತ್ತೀರಿ? ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ಒಮ್ಮೆ ಸರಿಯಾಗಿ ನೋಡಿ. ಮೊದಲು ತೆರೆ ಹಿಡಿಯುತ್ತಾರೆ. ಹಿಂದೆ ಯಾರೋ ಬಂದರು ಅಂತ ಗೊತ್ತು, ರಕ್ಕಸ ಅಂತಲೂ ಗೊತ್ತು. ಕಿರೀಟದ ತುದಿ ಕಾಣುತ್ತದೆ. ಮತ್ತೆ ಮರೆ. ತೆರೆಯ ಮೇಲೆ ಕೈ ಬರುತ್ತದೆ. ಚೆಂಡೆ ಏರುತ್ತದೆ, ಈಗ ತೆರೆ ಸರಿಯಿತು ಅನ್ನುವಾಗ ಇಳಿಯುತ್ತದೆ. ಮುಖ ಕಾಣುವ ಮೊದಲೇ ಚಾಪೆಯ ಮೇಲಿನ ಮಕ್ಕಳು ಅಜ್ಜಿಯ ಹಿಂದೆ ಹೋಗಿ ಕೂತಾಗಿರುತ್ತದೆ. ಬರುವವನು ಯಾರು ಅಂತ ಎಲ್ಲರಿಗೂ ಗೊತ್ತು, ಹೇಗೆ ಬರುತ್ತಾನೆ ಅಂತ ಮಾತ್ರ ಗೊತ್ತಿಲ್ಲ. ನಿಮಗೆ ಬೇಕಾದದ್ದು ಅದು.

ರೀಲ್ ರಾಯ
ಅಲ್ಲಿ ಕೊನೆಗೆ ತೆರೆ ಸರಿಯುತ್ತದಲ್ಲ. ಮುಖ ತೋರಿಸುತ್ತಾರಲ್ಲ!

ಚೆಂಡೆಪೆಟ್ಟು
ಅವರ ಹತ್ತಿರ ತೋರಿಸುವ ಹಾಗಿನ ಮುಖ ಉಂಟು. ಇವರ ಹತ್ತಿರ ಟೂತ್‌ಪೇಸ್ಟ್ ಉಂಟು.

ಹಳೆ ಮೇಷ್ಟ್ರು
ಹುಡುಗಿ, ಕಥೆಯನ್ನು ಇನ್ನೊಮ್ಮೆ ಓದು. ಸಾರಾಂಶ ಅಲ್ಲ, ಕಥೆ. ಅದರಲ್ಲಿ ಮಗನ ಮುಖ ಕಾಣಿಸುವುದೇ ಇಲ್ಲ. ಎರಡನೇ ವರ ಕೇಳು ಎಂದು ಹೆಂಡತಿ ಕಾಡುವಾಗ ಮುದುಕ ಒಂದು ಮಾತು ಹೇಳುತ್ತಾನೆ: ಅವನನ್ನು ನಾನು ಗುರುತು ಹಿಡಿದದ್ದೇ ಬಟ್ಟೆಯಿಂದ. ಸತ್ತು ಹತ್ತು ದಿನ ಆಗಿದೆ. ಇಷ್ಟು ನಮ್ಮ ಕಿವಿಗೆ ಬಿದ್ದ ಮೇಲೆ ಬಾಗಿಲಿನ ಆಚೆ ಏನು ನಿಂತಿದೆ ಎಂದು ಲೇಖಕ ವರ್ಣಿಸುವ ಕೆಲಸ ಉಳಿಯಿತಾ? ಅಮ್ಮನಿಗೆ ಮಗ ಬಂದಿದ್ದಾನೆ. ಅಪ್ಪನಿಗೆ ಯಂತ್ರದಲ್ಲಿ ನುಜ್ಜುಗುಜ್ಜಾದ ಒಂದು ದೇಹ ಬಂದಿದೆ. ಬಾಗಿಲು ಒಂದೇ.

ಆ ಕೊನೆಯ ಪುಟದಲ್ಲಿ ಇರುವುದೆಲ್ಲ ಬರೀ ಕೈಕೆಲಸ. ಅವಳು ಸರಪಳಿ ತೆಗೆಯುತ್ತಾಳೆ. ಕೆಳಗಿನ ಚಿಲಕ ತೆಗೆಯುತ್ತಾಳೆ. ಮೇಲಿನದು ಕೈಗೆ ಎಟಕುವುದಿಲ್ಲ, ಕುರ್ಚಿ ಎಳೆಯುತ್ತಾಳೆ. ಮಾಳಿಗೆಯಲ್ಲಿ ಅವನು ಕತ್ತಲಲ್ಲಿ ನೆಲದ ಮೇಲೆ ಮೊಣಕಾಲೂರಿ, ಮೂರನೇ ವರ ಕೇಳಿ ಬಂದದ್ದನ್ನು ವಾಪಸ್ ಕಳಿಸಲು ಆ ಕೈಯನ್ನು ತಡಕಾಡುತ್ತಿದ್ದಾನೆ. ಅವಳಿಗೆ ಚಿಲಕ ಮೊದಲು ಸಿಗುತ್ತದಾ, ಅವನಿಗೆ ಕೈ ಮೊದಲು ಸಿಗುತ್ತದಾ? ಅಷ್ಟೇ ಪ್ರಶ್ನೆ. ನಿಮ್ಮ ಪಿಕ್ಚರಿನಲ್ಲಿ ಬಾಗಿಲಿಗೆ ಎಷ್ಟು ಚಿಲಕ?

ಪೆರ್ಲದವಳು
ಒಂದೇ ಸರ್. ಅಲ್ಯೂಮಿನಿಯಂದು. ಒಂದು ಸೆಕೆಂಡಿನಲ್ಲಿ ತೆರೆಯುತ್ತದೆ.

ಹಳೆ ಮೇಷ್ಟ್ರು
ಹಾಗಾದರೆ ಒಂದು ಸೆಕೆಂಡಿನ ಸಸ್ಪೆನ್ಸ್.

ಅಡಿಕೆಸೋಗೆ
ಹಳೆ ಮನೆಯ ಬಾಗಿಲು ಹುಡುಕಿ. ಎರಡು ಹಲಗೆ, ಅಡ್ಡಕ್ಕೆ ಮರದ ಅಗುಳಿ, ಮೇಲೆ ಕಬ್ಬಿಣದ ಚಿಲಕ. ಮಳೆಗಾಲದಲ್ಲಿ ಮರ ಉಬ್ಬಿ ಅಗುಳಿ ಜಾರುವುದೇ ಇಲ್ಲ, ಕೈಯಲ್ಲಿ ಗುದ್ದಬೇಕು. ಅದನ್ನು ಮೊದಲ ನಿಮಿಷದಲ್ಲೇ ಒಮ್ಮೆ ತೋರಿಸಿ. ಅಮ್ಮ ಬೆಳಿಗ್ಗೆ ಬಾಗಿಲು ತೆರೆಯಲು ಕಷ್ಟಪಡುತ್ತಾಳೆ, ಅಪ್ಪ ಬೈಯುತ್ತಾನೆ. ಸುಮ್ನೆ ಮನೆಯ ಸಂಗತಿ ಅಂತ ಜನ ನೋಡಿ ಬಿಡುತ್ತಾರೆ. ರಾತ್ರಿ ಅದೇ ಅಗುಳಿ ಬಂದಾಗ ನೆನಪಾಗುತ್ತದೆ.

ಇನ್ನೊಂದು: ಆ ಕೈಯನ್ನು ಅಪ್ಪ ಮನೆಯೊಳಗೆ ಹುಡುಕುವ ಬದಲು ತೋಟದ ಸುರಂಗಕ್ಕೆ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದಕ್ಕೆ, ಎಸೆದಿದ್ದರೆ? ರಾತ್ರಿ ಟಾರ್ಚ್ ಹಿಡಿದು ಒಳಗೆ ಹೋಗಬೇಕು. ನೀರು ತೊಟ್ಟಿಕ್ಕುವ ಸದ್ದು. ಇಂಥ ಜಾಗ ಬೇರೆಯವರಿಗೆ ಸಿಗುತ್ತದಾ?

ಬೇಕಲದ ಗಾಳಿ
ವಾವ್! ಸುರಂಗ ಸೂಪರ್. ನನಗೆ ಈಗಲೇ ಬೆವರು ಬಂತು.

ಮುರಕಲ್ಲು
ಸುರಂಗ ಬೇಡ, ದಯವಿಟ್ಟು. ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ. ಅಗೆಯುವವರೇ ಮೇಣದ ಬತ್ತಿ ಹಿಡಿದು ಹೋಗುವುದು, ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರುತ್ತಾರೆ. ನೀವು ನಟ, ಕ್ಯಾಮೆರಾ, ಲೈಟು, ಮೈಕು ಅಂತ ನಾಲ್ಕು ಜನ ಒಳಗೆ ಹೋಗಿ ಅರ್ಧ ಗಂಟೆ ಟೇಕ್ ಮೇಲೆ ಟೇಕ್ ಮಾಡಿದರೆ ಏನಾಗುತ್ತದೆ? ಮಳೆಗಾಲದಲ್ಲಿ ಮಣ್ಣು ಕುಸಿಯುವುದು ಬೇರೆ. ಬೇಕೇಬೇಕು ಎಂದಿದ್ದರೆ ಬಾಯಿಯಲ್ಲಿ ನಿಂತು ಶೂಟ್ ಮಾಡಿ, ಅಪ್ಪನ ಟಾರ್ಚ್ ಬೆಳಕು ಎರಡು ಹೆಜ್ಜೆ ಒಳಗೆ ಹೋಗಲಿ, ಉಳಿದದ್ದನ್ನು ಸದ್ದಿನಲ್ಲಿ ಕಟ್ಟಿ.

ತಲಪಾಡಿ ಗೇಟು
ಮಂಗನ ಕೈ ನಮ್ಮವರಿಗೆ ಎಲ್ಲಿ ನಾಟುತ್ತದೆ? ಭೂತದ ಆಭರಣ ಅಂತ ಮಾಡಿ. ದೈವದ ಒಂದು ಹಳೆ ಮೊಗ (ಮುಖವಾಡ) ಅಥವಾ ಕಡ್ಸಲೆ (ಕತ್ತಿ). ಅದಕ್ಕೆ ಕೈ ಮುಗಿದು ಕೇಳುವುದು. ಹಿಟ್.

ಚೆಂಡೆಪೆಟ್ಟು
ಬೇಡ. ದೈವವನ್ನು ನಂಬುವ ಮನೆಗಳು ಎದುರಿಗೇ ಉಂಟು, ಅವರ ಮೊಗವನ್ನು ದೆವ್ವದ ಸಾಮಾನು ಮಾಡುವುದು ಸರಿಯಲ್ಲ. ಮತ್ತೆ ಕಥೆಗೂ ಹೊಂದುವುದಿಲ್ಲ. ದೈವದ ಹತ್ತಿರ ನಾವು ಕೇಳುವುದು ನ್ಯಾಯ, ಅದು ಮಾತಾಡಿ ಉತ್ತರ ಕೊಡುತ್ತದೆ. ಈ ಕೈ ಮಾತಾಡುವುದಿಲ್ಲ, ಕೇಳಿದ್ದನ್ನು ಕೊಟ್ಟುಬಿಡುತ್ತದೆ. ಅದೇ ಹೆದರಿಕೆ.

ತಲಪಾಡಿ ಗೇಟು
ಸಿನಿಮಾದವರು ಮಾಡಿದರೆ ಆಗುತ್ತದೆ, ಹುಡುಗರು ಮಾಡಿದರೆ ಆಗುವುದಿಲ್ಲ.

ಚೆಂಡೆಪೆಟ್ಟು
ಸಿನಿಮಾದವರು ಮಾಡಿದ್ದು ಆಯಿತು ಅಂತ ನಾನು ಎಲ್ಲಿ ಹೇಳಿದೆ?

ಹಳೆ ಮೇಷ್ಟ್ರು
ಜಗಳ ಬೇಡ. ಒಂದು ತಮಾಷೆ ನೋಡಿ. ಮೂಲ ಕಥೆಯಲ್ಲಿ ಆ ಕೈ ಹೋದದ್ದೇ ಭಾರತದಿಂದ, ಅದಕ್ಕೆ ಮಂತ್ರ ಹಾಕಿದವನು ಒಬ್ಬ ಫಕೀರ. ಇಂಗ್ಲಿಷಿನವರಿಗೆ ದೂರದ ಊರಿಂದ ಬಂದ ವಸ್ತು ಎಂಬುದೇ ಅರ್ಧ ಭಯ. ಅದನ್ನು ವಾಪಸ್ ನಮ್ಮ ತೋಟಕ್ಕೆ ತಂದರೆ ಆ ದೂರ ಹೋಗುತ್ತದೆ. ನಮಗೆ ದೂರದ ಊರು ಗಲ್ಫ್. ರಜೆಯಲ್ಲಿ ಬಂದ ಯಾರೋ ಬಿಟ್ಟುಹೋದ ಒಂದು ಡಬ್ಬಿ ಸಾಕು, ಮುಚ್ಚಳ ತೆಗೆದು ತೋರಿಸಲೇ ಬೇಡಿ. ಸಟ್ಟುಗದ ಸಮಸ್ಯೆಯೂ ಮುಗಿಯಿತು.

ಅಡಿಕೆಸೋಗೆ
ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಮನೆಯವರು ಯಾವ ಜಾತಿ?

ಬೇಕಲದ ಗಾಳಿ
ಶುರುವಾಯಿತು 🙄

ಅಡಿಕೆಸೋಗೆ
ಅಯ್ಯೋ, ಅದಕ್ಕಲ್ಲ ಕೇಳಿದ್ದು! ನಮ್ಮ ಮನೆಗಳಲ್ಲಿ ಹೆಣ ಸುಡುತ್ತಾರೆ. ಸುಟ್ಟು, ಬೂದಿ ನೀರಿಗೆ ಬಿಟ್ಟ ಮೇಲೆ ಬಾಗಿಲು ಬಡಿಯುವುದು ಏನು? ಇಂಗ್ಲಿಷ್ ಕಥೆ ನಿಂತಿರುವುದೇ ಹೂತ ದೇಹದ ಮೇಲೆ.

ಪೆರ್ಲದವಳು
ಇದು ನಮಗೆ ಹೊಳೆದೇ ಇರಲಿಲ್ಲ. ಈಗ ಎಂತ ಮಾಡುವುದು?

ಮುರಕಲ್ಲು
ಮಗ ಗಲ್ಫಿನಲ್ಲೇ ಅಲ್ವಾ ಸತ್ತದ್ದು? ಅಲ್ಲೇ ಮಣ್ಣು ಮಾಡಿದರು ಅಂತ ಇಟ್ಟುಕೊಳ್ಳಿ. ಅಪ್ಪ ಅಮ್ಮ ಹೆಣವನ್ನೇ ನೋಡಿಲ್ಲ. ಹಾಗಾಗಿ ಅಮ್ಮ ನಂಬುವುದೂ ಇಲ್ಲ. ‘ನೀವು ಕಣ್ಣಾರೆ ಕಂಡಿದ್ದೀರಾ?’ ಇಷ್ಟು ಕೇಳಿದರೆ ಸಾಕು, ಎರಡನೇ ವರಕ್ಕೆ ಕಾರಣ ಸಿಕ್ಕಿತು.

ಹಳೆ ಮೇಷ್ಟ್ರು
ಭೇಷ್. ಮೂಲದಲ್ಲಿ ಇದಕ್ಕೆ ಸರಿಯಾದ ಒಂದು ಎಳೆ ಉಂಟು. ವರ ಕೇಳಿದ ಕೂಡಲೇ ಯಾರೂ ಬರುವುದಿಲ್ಲ. ಏನೂ ಆಗಲಿಲ್ಲ ಅಂತ ಮುದುಕ ಹಗುರಾಗಿ ಮಲಗುತ್ತಾನೆ. ಬಡಿತ ಕೇಳಿದಾಗ ಅವಳು ಅನ್ನುತ್ತಾಳೆ, ಸ್ಮಶಾನ ಎರಡು ಮೈಲಿ ದೂರ ಅಂತ ಮರೆತಿದ್ದೆ ಅಂತ. ನಡೆದು ಬರಬೇಕಲ್ಲ! ನಿಮ್ಮ ಹುಡುಗ ಕಡಲು ದಾಟಿ ಬರಬೇಕು. ಆ ರಾತ್ರಿ ಬರುವುದಿಲ್ಲ. ಮರುದಿನವೂ ಇಲ್ಲ. ಅಮ್ಮ ಕ್ಯಾಲೆಂಡರ್ ನೋಡುತ್ತಾಳೆ, ಯಾವ ಊರಿಗೆ ಮುಟ್ಟಿರಬಹುದು ಅಂತ. ಅಪ್ಪನಿಗೆ ಅದು ಅರ್ಥವಾಗುತ್ತದೆ, ಅವನು ಮಾತಾಡುವುದಿಲ್ಲ.

ಮೈಕಾಸುರ
ಇದಕ್ಕೆ ಸದ್ದು ನಾನು ಕೊಡುತ್ತೇನೆ, ತೆಗೆದುಕೊಳ್ಳಿ. ಆ ಮನೆಯ ಕೆಳಗಿನ ರಸ್ತೆಯಲ್ಲಿ ರಾತ್ರಿ ಕೊನೆಯ ಬಸ್ಸು ಹೋಗುತ್ತದೆ. ಮೊದಲ ರಾತ್ರಿ ನಿಲ್ಲದೆ ಹೋಗುವ ಸದ್ದು. ಎರಡನೇ ರಾತ್ರಿಯೂ ನಿಲ್ಲದೆ ಹೋಗುತ್ತದೆ. ಮೂರನೇ ರಾತ್ರಿ ನಿಲ್ಲುತ್ತದೆ. ಬಾಗಿಲು ತೆರೆದ ಸದ್ದು, ಕಂಡಕ್ಟರನ ಸೀಟಿ, ಗೇರ್ ಬದಲಿಸಿ ಹೊರಟಿತು. ಕ್ಯಾಮೆರಾ ಮಾತ್ರ ಅಪ್ಪನ ಮುಖ ಬಿಟ್ಟು ಕದಲಬಾರದು. ರಸ್ತೆಯಿಂದ ಮನೆಗೆ ಹತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರಿ. ಹೆಜ್ಜೆ ಸದ್ದು ಹಾಕಬೇಡಿ. ನಾಯಿ ಬೊಗಳಿಸಲೂ ಬೇಡಿ, ಬೊಗಳುತ್ತಿದ್ದ ನಾಯಿ ನಿಲ್ಲಿಸಲಿ.

ಇನ್ನು ತಾಂತ್ರಿಕ ವಿಷಯ. ‘ಸುಮ್ಮನೆ’ ಅಂದರೆ ಆಡಿಯೋ ಟ್ರ್ಯಾಕ್ ಖಾಲಿ ಬಿಡುವುದಲ್ಲ, ಸ್ಪೀಕರ್ ಹಾಳಾಯಿತು ಅಂದುಕೊಳ್ಳುತ್ತಾರೆ. ಶೂಟ್ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿ ನಿಂತು ಆ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ, ಅದನ್ನು ಕೆಳಗೆ ಹಾಸಿ. ಬಡಿತವನ್ನು ದೃಶ್ಯ ಬದಲಾಗುವ ಮೊದಲೇ ತನ್ನಿ: ಅಪ್ಪ ಇನ್ನೂ ಮಲಗಿದ್ದಾನೆ, ಸದ್ದು ಬಂತು, ಆಮೇಲೆ ಬಾಗಿಲಿನ ಶಾಟ್. ಮೊದಲನೆಯದು ಮೆಲ್ಲಗೆ ಇರಲಿ. ಕೇಳಿತಾ ಇಲ್ಲವಾ ಅಂತ ಹಾಲಿನಲ್ಲಿ ಪಕ್ಕದವನ ಮುಖ ನೋಡುವಷ್ಟು ಮೆಲ್ಲಗೆ.

ಟ್ಯೂಬ್‌ಲೈಟಿನಲ್ಲಿ ಚಿತ್ರ ಮಿನುಗುತ್ತಿದ್ದರೆ ಶಟರ್ 1/50 ಸೆಕೆಂಡಿಗೆ ಇಡಿ, ಸೆಕೆಂಡಿಗೆ 25 ಫ್ರೇಮ್. ನಮ್ಮ ಕರೆಂಟು 50 ಹರ್ಟ್ಸ್.

ಪೆರ್ಲದವಳು
ಮಿನುಗುತ್ತಿತ್ತು! ಅದನ್ನೂ ದೆವ್ವದ ಎಫೆಕ್ಟ್ ಅಂತ ಬಿಟ್ಟಿದ್ದೆವು 😂 ಮಳೆಗೆ ಏನು ಮಾಡುವುದು ಅಂತಲೂ ಹೇಳಿ. ಸಾಲದ ಮೊತ್ತ ಹೇಳುವ ಡೈಲಾಗ್ ಹೊತ್ತಿಗೆ ತಗಡಿನ ಮೇಲೆ ಮಳೆ ಸುರಿಯಿತು. ಯಾರಿಗೂ ಕೇಳಿಸಲಿಲ್ಲ. ಹಾಗಾಗಿ ಆಮೇಲೆ ಅದೇ ಮೊತ್ತ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ.

ಮೈಕಾಸುರ
ಜೂನಿನಲ್ಲಿ ತಗಡಿನ ಕೆಳಗೆ ಡೈಲಾಗ್ ಇಡಬಾರದು. ಆ ಮೊತ್ತವನ್ನು ಹೇಳಿಸಲೇ ಬೇಡಿ, ತೋರಿಸಿ. ಬ್ಯಾಂಕಿನ ನೋಟೀಸು, ಅದರ ಮೇಲೆ ಅಂಕಿ. ಅಮ್ಮ ಅದನ್ನು ಅಕ್ಕಿ ಡಬ್ಬದ ಮುಚ್ಚಳದ ಕೆಳಗೆ ಇಡುತ್ತಾಳೆ, ದಿನಾ ಕಾಣುತ್ತದೆ. ತೀರ್ಪುಗಾರರಿಗೆ ಕನ್ನಡ ಬರದಿದ್ದರೂ ಅಂಕಿ ಓದಲು ಬರುತ್ತದಲ್ಲ.

ಕುಂಬಳೆ ಪ್ಯಾಸೆಂಜರ್
ಮುಖ್ಯ ವಿಷಯ ಈಗ ಬಂತು. ಇಲ್ಲಿ ಸ್ಪರ್ಧೆಗೆ ಕೂರುವ ತೀರ್ಪುಗಾರರಲ್ಲಿ ಕನ್ನಡ ಗೊತ್ತಿರುವವರು ಕಡಿಮೆ. ಹಿಂದೆ ನಮ್ಮ ಒಂದು ನಾಟಕಕ್ಕೆ ‘ಭಾಷೆ ಅರ್ಥವಾಗಲಿಲ್ಲ’ ಅಂತಲೇ ಮಾರ್ಕು ಕಳೆದಿದ್ದರು. ಎಲ್ಲಿ ಅಂತ ಹೇಳುವುದಿಲ್ಲ. ನಾವೇನು ಜಪಾನಿನಿಂದ ಬಂದವರಾ?

ಬೇಕಲದ ಗಾಳಿ
ಮಲಯಾಳಂ ಸಬ್‌ಟೈಟಲ್ ಹಾಕಿದರೆ ಆಯಿತು. ಅಳುವುದು ಯಾಕೆ?

ಕುಂಬಳೆ ಪ್ಯಾಸೆಂಜರ್
ಅಳುವುದಲ್ಲ, ಇದ್ದದ್ದು ಹೇಳಿದ್ದು. ಮತ್ತೆ ತೋಟದ ಮನೆಯ ಅಮ್ಮ ಪುಸ್ತಕದ ಕನ್ನಡ ಮಾತಾಡಿದರೆ ನಮಗೇ ನಗು ಬರುತ್ತದೆ. ಮನೆಯೊಳಗೆ ತುಳುವೋ ಹವ್ಯಕವೋ, ಅಂಗಡಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಹಾಗೆಯೇ ಇರಲಿ.

ಮುರಕಲ್ಲು
ನಿಲ್ಲಿ ನಿಲ್ಲಿ. ಇದರಲ್ಲೇ ನಿಮ್ಮ ಬಾಂಬ್ ಉಂಟು.

ಸಾವಿನ ಸುದ್ದಿ ಒಂದು ಕಾಗದದಲ್ಲಿ ಬರಲಿ. ಬರೆದವನು ಮಗನ ರೂಮ್‌ಮೇಟ್, ಮಲಯಾಳಿ ಹುಡುಗ, ಮಲಯಾಳಂನಲ್ಲೇ ಬರೆದಿದ್ದಾನೆ. ಅಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ, ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮಲ್ಲಿ ಇಂಥ ಅಮ್ಮಂದಿರು ಮನೆಮನೆಯಲ್ಲಿ. ಅವಳು ಕವರ್ ಒಡೆದು ಕಾಗದ ಬಿಡಿಸುತ್ತಾಳೆ, ಕ್ಯಾಮೆರಾ ಕಾಗದದ ಮೇಲೆ ನಿಲ್ಲುತ್ತದೆ. ಮಲಯಾಳಂ ಓದುವ ತೀರ್ಪುಗಾರರಿಗೆ ಮೂರು ಸೆಕೆಂಡಿನಲ್ಲಿ ಮಗ ಸತ್ತದ್ದು ಗೊತ್ತಾಗಿಬಿಟ್ಟಿತು. ಅಮ್ಮನಿಗೆ ಗೊತ್ತಿಲ್ಲ. ಮಗನ ಅಕ್ಷರ ಅಲ್ಲವಲ್ಲ ಅಂತ ಸ್ವಲ್ಪ ಬೇಜಾರು, ಅಷ್ಟೇ. ಓದಿಸಲು ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರಬೇಕು. ಅಲ್ಲಿವರೆಗೆ ಅವಳು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಕೆ ಸುಲಿಯುತ್ತಾಳೆ, ದನಕ್ಕೆ ಹುಲ್ಲು ಹಾಕುತ್ತಾಳೆ. ಹಾಲಿನಲ್ಲಿ ಅರ್ಧ ಜನ ಉಸಿರು ಹಿಡಿದು ಕೂತಿದ್ದಾರೆ.

ಮಲಯಾಳಂ ಬರದ ನಮಗೆ? ಕಾಗದದ ನಡುವೆ ಒಂದು ಅಂಕಿ ಕಾಣುತ್ತದೆ. ನೋಟೀಸಿನಲ್ಲಿ ಕಂಡ ಅದೇ ಅಂಕಿ. ನಾವೂ ಸಿಕ್ಕಿಬಿದ್ದೆವು. ಆ ಕಾಗದಕ್ಕೆ ಮಾತ್ರ ಸಬ್‌ಟೈಟಲ್ ಹಾಕಬೇಡಿ.

ಬೇಕಲದ ಗಾಳಿ
ಮೈ ಜುಂ ಅಂತು.

ರೀಲ್ ರಾಯ
ಚೆನ್ನಾಗುಂಟು, ಒಪ್ಪಿದೆ. ಆದರೆ ಈಗ ಯಾರು ಕಾಗದ ಬರೆಯುತ್ತಾರೆ? ಸತ್ತು ಹತ್ತು ನಿಮಿಷದಲ್ಲಿ ವಾಟ್ಸಪ್ ಗ್ರೂಪಿನಲ್ಲಿ ಫೋಟೋ ಬರುತ್ತದೆ.

ಮುರಕಲ್ಲು
1992ರಲ್ಲಿ ಇಡಿ. ದೇಶಕ್ಕೆ ಮೊಬೈಲ್ ಬಂದದ್ದೇ 1995ರಲ್ಲಿ.

ತಲಪಾಡಿ ಗೇಟು
1992 ಅಂದರೆ ಟೆಲಿಗ್ರಾಂ ಬರುತ್ತಿತ್ತು. ಸಾವಿನ ಸುದ್ದಿ ಕಾಗದದಲ್ಲಿ ಯಾರು ಕಳಿಸುತ್ತಾರೆ?

ಹಳೆ ಮೇಷ್ಟ್ರು
ಟೆಲಿಗ್ರಾಂ ಬಂದರೆ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನಿಂತಾಗಲೇ ಮನೆಯವರು ಅಳಲು ಶುರು ಮಾಡುತ್ತಿದ್ದರು. ಅದರಲ್ಲಿ ಕಾಯುವುದಕ್ಕೆ ಏನೂ ಇಲ್ಲ. ಟೆಲಿಗ್ರಾಂ ಮುಟ್ಟಲಿಲ್ಲ ಅಂತ ಪಕ್ಕದ ಹುಡುಗ ಓದುವಾಗ ಕಾಗದದಲ್ಲೇ ಒಂದು ಸಾಲು ಇರಲಿ. ‘ತಂತಿ ಕಳಿಸಿದ್ದೆವು, ಮುಟ್ಟಿರಬಹುದು.’ ಮತ್ತೆ 1992ಕ್ಕೆ 8 ಲಕ್ಷ ಜಾಸ್ತಿಯಾಯಿತು. 80,000 ಮಾಡಿ.

ಅಡಿಕೆಸೋಗೆ
ಹಕ್ಕಿನ ವಿಷಯ ಯಾರೂ ಮಾತಾಡಲಿಲ್ಲ. ಕಥೆ ಬಳಸಲು ಯಾರನ್ನಾದರೂ ಕೇಳಬೇಕಾ?

ಹಳೆ ಮೇಷ್ಟ್ರು
ಜೇಕಬ್ಸ್ ತೀರಿಕೊಂಡದ್ದು 1943ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ. ಹಾಗಾಗಿ ಮೂಲ ಕಥೆ ಮುಕ್ತ. ಆದರೆ ಕನ್ನಡ ಅನುವಾದದಿಂದ ಸಂಭಾಷಣೆ ಎತ್ತಬೇಡಿ, ಅನುವಾದಕರ ಹಕ್ಕು ಬೇರೆ. ಮುಂದಿನ ಸಲ ನಮ್ಮವರ ಕೃತಿ ಮಾಡುವುದಾದರೆ ನೆನಪಿರಲಿ: ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2024ರಿಂದ ಮುಕ್ತ. ಕವಿ ಕಯ್ಯಾರ ಕಿಞ್ಞಣ್ಣ ರೈಗಳದ್ದು 2075ರ ಕೊನೆವರೆಗೆ ಕೇಳಿಯೇ ಬಳಸಬೇಕು.

ಪೆರ್ಲದವಳು
ತಂಡದವರಿಗೆಲ್ಲ ಇದನ್ನು ಕಳಿಸಿದೆ. ಮುಖ ತೆಗೆಯುತ್ತೇವೆ, ಕಾಗದ ಮತ್ತು ಬಸ್ಸು ಇಟ್ಟುಕೊಳ್ಳುತ್ತೇವೆ. ಒಂದು ಜಗಳ ಮಾತ್ರ ಮುಗಿದಿಲ್ಲ. ಕೊನೆಗೆ ಅಪ್ಪ ಮೂರನೇ ವರ ಕೇಳಿದ ಮೇಲೆ ಬಾಗಿಲು ತೆರೆದಾಗ ಖಾಲಿ ಅಂಗಳ ತೋರಿಸಬೇಕಾ, ಬೇಡವಾ? ನಮ್ಮ ಕ್ಯಾಮೆರಾದವನು ಅಗುಳಿ ಬಿದ್ದ ಸದ್ದಿಗೇ ಕಪ್ಪು ಮಾಡುವ ಅನ್ನುತ್ತಾನೆ.

ರೀಲ್ ರಾಯ
ಕಪ್ಪು ಮಾಡಿದರೆ ದುಡ್ಡು ವಾಪಸ್ ಕೇಳುತ್ತಾರೆ.

ಮುರಕಲ್ಲು
ತೋರಿಸಿ. ಅಷ್ಟು ಹೊತ್ತು ಕಾಯಿಸಿದವರು ಬಾಗಿಲು ತೆರೆಯಲೇಬೇಕು. ಖಾಲಿ ಅಂಗಳ ನೋಡುವ ಅಮ್ಮನ ಮುಖ ಇಲ್ಲದೆ ಈ ಕಥೆ ಯಾಕೆ ಬೇಕು?

ಮೈಕಾಸುರ
ನನ್ನ ಓಟು ಕ್ಯಾಮೆರಾದವನಿಗೆ. ಎರಡೂ ಶೂಟ್ ಮಾಡಿ ಇಟ್ಟುಕೊಳ್ಳಿ, ಎಡಿಟ್‌ನಲ್ಲಿ ಹೊಡೆದಾಡಿ.

ಅಡಿಕೆಸೋಗೆ
ಬಾಗಿಲು ಬೇಕಿದ್ದರೆ ಮುಳ್ಳೇರಿಯದ ಹತ್ತಿರ ನಮ್ಮ ದೊಡ್ಡಪ್ಪನ ಹಳೆ ಮನೆ ಉಂಟು, ಅಗುಳಿ ಸಮೇತ. ಆದಿತ್ಯವಾರ ಮಾತ್ರ. ಒಳಗೆ ಚಪ್ಪಲಿ ಹಾಕುವಂತಿಲ್ಲ.

ಕುಂಬಳೆ ಪ್ಯಾಸೆಂಜರ್
1992 ಅಂದಿದ್ದೀರಿ, ನೋಟೀಸಿನಲ್ಲಿ ₹ ಚಿಹ್ನೆ ಹಾಕಬೇಡಿ. ಅದು ಬಂದದ್ದು 2010ರಲ್ಲಿ. ‘ರೂ.’ ಅಂತ ಹಾಕಿ. ಕಾಗದವನ್ನು ಪ್ರಿಂಟ್ ತೆಗೆಯಬೇಡಿ, ಕೈಯಲ್ಲಿ ಬರೆಸಿ, ಮಲಯಾಳಂ ಅಕ್ಷರ ದುಂಡಗೆ ಇರುವವರು ಯಾರಾದರೂ ಸಿಗುತ್ತಾರೆ. ಕವರಿಗೆ ಅಂಚಿನಲ್ಲಿ ಕೆಂಪು ನೀಲಿ ಪಟ್ಟಿ ಬೇಕು.

ಬೇಕಲದ ಗಾಳಿ
ಅಕ್ಷರ ನಂದು ದುಂಡಗುಂಟು. ಬರೆದು ಕೊಡುತ್ತೇನೆ, ಆದರೆ ಟೈಟಲಿನಲ್ಲಿ ಹೆಸರು ಬೇಕು.